ಮುಂದೇನೆಂದು ತಿಳಿಯದ ದಿನಗಳಲ್ಲಿ ಬೈಬಲ್ ಓದುವುದು ಹೇಗೆ?

ಕೆಲಸ ಹೋಗಿದೆ. ಆಸ್ಪತ್ರೆಯ ವರದಿ ಇನ್ನೂ ಕೈಸೇರಿಲ್ಲ. ಮನೆಯಲ್ಲಿ ಒಬ್ಬರ ಸ್ಥಿತಿ ಇಂದು ಹೀಗೆ, ನಾಳೆ ಹಾಗೆ. ಇಂಥ ಹೊತ್ತಿನಲ್ಲಿ ಬೈಬಲ್ ಕೈಗೆತ್ತಿಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಎಲ್ಲಿಂದ ಓದಲಿ? ಓದಿದರೂ ಯಾಕೆ ಏನೂ ಮನಸ್ಸಿಗೆ ಇಳಿಯುತ್ತಿಲ್ಲ?" ಹಲವರು ಇದನ್ನು ತಪ್ಪೊಪ್ಪಿಕೊಳ್ಳುವ ದನಿಯಲ್ಲಿ ಕೇಳುತ್ತಾರೆ. ತಮ್ಮ ನಂಬಿಕೆಯೇ ಕುಂದಿದೆಯೇನೋ ಎಂಬ ಅಳುಕು ಅವರಿಗೆ.

ಆ ಅಳುಕು ಬೇಡ. ಬೈಬಲಿನ ಎಷ್ಟೋ ಪುಟಗಳು ಹುಟ್ಟಿದ್ದೇ ನಾಳೆಯ ಭರವಸೆ ಇಲ್ಲದವರ ನಡುವೆ. ಊರು ಸುಟ್ಟುಹೋದವರು, ಪರದೇಶಕ್ಕೆ ಸೆರೆಹೋದವರು, ಬೇಡಿ ತೊಟ್ಟು ಪತ್ರ ಬರೆದವರು ಅದರೊಳಗೆ ಮಾತಾಡುತ್ತಾರೆ. ನಾಳೆ ಏನಾಗುತ್ತದೆ ಎಂದು ತಿಳಿಯಲು ಆ ಗ್ರಂಥವನ್ನು ತೆರೆದರೆ ಬಹುಮಟ್ಟಿಗೆ ನಿರಾಸೆಯೇ ಸಿಗುತ್ತದೆ. ನಾಳೆ ತಿಳಿಯದಿದ್ದರೂ ಇಂದು ಹೇಗೆ ಬದುಕಲಿ ಎಂದು ಕೇಳುತ್ತ ತೆರೆಯಿರಿ. ಆಗ ಅದೇ ಪುಟಗಳು ಮಾತಿಗೆ ತೊಡಗುತ್ತವೆ. ಈ ಲೇಖನ ಪೂರ್ತಿ ಆ ಎರಡನೆಯ ಬಗೆಯ ಓದಿನ ಬಗ್ಗೆ.

ಮೊದಲು ಬೇಕಾದದ್ದು

ಒಂದು ಬೈಬಲ್, ಒಂದು ನೋಟ್‌ಬುಕ್, ದಿನಕ್ಕೆ ಇಪ್ಪತ್ತು ನಿಮಿಷ. ಸಾಧ್ಯವಾದರೆ ಎರಡು ಅನುವಾದಗಳಿರಲಿ: ಒಂದು ನಿಮಗೆ ಚಿಕ್ಕಂದಿನಿಂದ ಪರಿಚಯವಿರುವುದು, ಇನ್ನೊಂದು ಇಂದಿನ ಸರಳ ಕನ್ನಡದಲ್ಲಿರುವುದು. ಹಳೆಯ ಅನುವಾದದ ಲಯ ಮನಸ್ಸಿನಲ್ಲಿ ನಿಲ್ಲುತ್ತದೆ, ಹೊಸದರಲ್ಲಿ ಅರ್ಥ ಬೇಗ ಹೊಳೆಯುತ್ತದೆ. ಮೊಬೈಲಿನಲ್ಲಿ ಓದುವವರು ಆ ಇಪ್ಪತ್ತು ನಿಮಿಷ ಇಂಟರ್ನೆಟ್ ಆರಿಸಿಡಿ. ಕೀರ್ತನೆಯ ನಡುವೆ ಬರುವ ಒಂದು ಸಂದೇಶ ಸಾಕು, ಮನಸ್ಸು ಮತ್ತೆ ಚಿಂತೆಯ ಕಡೆ ಹೊರಳುತ್ತದೆ.

ಕೆಲವು ಪದಗಳು ಗೊತ್ತಿದ್ದರೆ ಗೊಂದಲ ಕಡಿಮೆ. ಯೇಸುವಿಗೆ ಮುಂಚಿನ ಗ್ರಂಥಗಳು ಹಳೆಯ ಒಡಂಬಡಿಕೆ, ಅವನ ಜೀವನವೂ ಮೊದಲ ಶಿಷ್ಯರ ಬರಹಗಳೂ ಹೊಸ ಒಡಂಬಡಿಕೆ. ಒಡಂಬಡಿಕೆ ಎಂದರೆ ದೇವರು ಮತ್ತು ಜನರ ನಡುವಿನ ಕರಾರು. ಯೇಸುವಿನ ಜೀವನವನ್ನು ಹೇಳುವ ನಾಲ್ಕು ಪುಸ್ತಕಗಳನ್ನು ಪ್ರಾಟೆಸ್ಟಂಟರು ಸುವಾರ್ತೆ ಎಂದೂ ಕಥೊಲಿಕರು ಶುಭಸಂದೇಶ ಎಂದೂ ಕರೆಯುತ್ತಾರೆ. ಪ್ರಾಟೆಸ್ಟಂಟ್ ಬೈಬಲಿನಲ್ಲಿ 66 ಪುಸ್ತಕಗಳಿವೆ, ಕಥೊಲಿಕ ಬೈಬಲಿನಲ್ಲಿ 73. ಬೈಬಲಿನ ಹಾಡು-ಪ್ರಾರ್ಥನೆಗಳಿಗೆ ಕೀರ್ತನೆಗಳು ಎಂದು ಹೆಸರು. ಗ್ರೀಕ್ ಮತ್ತು ಲ್ಯಾಟಿನ್ ಪರಂಪರೆಯ ಅನುವಾದಗಳಲ್ಲಿ ಬಹುಪಾಲು ಕೀರ್ತನೆಗಳ ಸಂಖ್ಯೆ ಒಂದು ಕಡಿಮೆ ಇರುತ್ತದೆ. ಇಲ್ಲಿ 13ನೆಯ ಕೀರ್ತನೆ ಎಂದದ್ದು ಅಲ್ಲಿ 12 ಆಗಿರಬಹುದು. ಗಾಬರಿ ಬೇಡ, ಕೀರ್ತನೆ ಅದೇ.

1. ನಿಮ್ಮ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

ಪುಸ್ತಕ ತೆರೆಯುವ ಮೊದಲು ಇದನ್ನು ಮಾಡಿ. "ಸಮಾಧಾನ ಬೇಕು" ಎಂದು ಬರೆದರೆ ಸಾಲದು, ಅದು ಎಲ್ಲರ ಪ್ರಶ್ನೆ. "ಮುಂದಿನ ತಿಂಗಳು ಮನೆ ನಡೆಸುವುದು ಹೇಗೆಂದು ತಿಳಿಯುತ್ತಿಲ್ಲ, ಮಕ್ಕಳೆದುರು ನಗುವುದೂ ಕಷ್ಟವಾಗಿದೆ" ಎಂದು ಬರೆದರೆ ಅದು ನಿಮ್ಮದು. ಕೋಪವಿದ್ದರೆ ಕೋಪವನ್ನೇ ಬರೆಯಿರಿ. ದೇವರ ಮೇಲಿನ ಕೋಪವಾದರೂ ಸರಿ. ಯಾರಿಗೂ ತೋರಿಸಬೇಕಾಗಿಲ್ಲ. ಪಕ್ಕದಲ್ಲಿ ತಾರೀಕು ಹಾಕಿಡಿ.

2. ಆದಿಕಾಂಡದಿಂದ ಶುರು ಮಾಡಬೇಡಿ

ಮೊದಲ ಪುಟದಿಂದ ಓದುವ ಹಟ ತೊಟ್ಟವರಲ್ಲಿ ಬಹಳ ಮಂದಿ ಯಾಜಕಕಾಂಡದ ಬಲಿಗಳ ವಿವರ ಬಂದೊಡನೆ ನಿಲ್ಲಿಸಿಬಿಡುತ್ತಾರೆ. ನೆಮ್ಮದಿಯ ಕಾಲದಲ್ಲಿ ಹಾಗೆ ಓದುವುದು ಒಳ್ಳೆಯದೇ. ಕಷ್ಟ ಕಾಲದಲ್ಲಿ ನಿಮ್ಮ ಸ್ಥಿತಿಗೆ ಹತ್ತಿರವಿರುವವರ ಬಳಿಗೆ ನೇರವಾಗಿ ಹೋಗಿ.

ಕಾಯುವುದೇ ಕಷ್ಟವಾಗಿದ್ದರೆ 13ನೆಯ ಕೀರ್ತನೆ. ಭಯವಾಗಿದ್ದರೆ ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯದ ಕೊನೆ: ಬಿರುಗಾಳಿಗೆ ದೋಣಿಯೊಳಗೆ ನೀರು ತುಂಬುತ್ತಿದೆ, ಯೇಸು ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದಾನೆ, "ನಾವು ಮುಳುಗುತ್ತಿದ್ದೇವೆ, ನಿನಗೆ ಚಿಂತೆಯಿಲ್ಲವೇ?" ಎಂದು ಶಿಷ್ಯರು ಅವನನ್ನು ಎಬ್ಬಿಸುತ್ತಾರೆ. ನೀವು ಕೇಳಲು ಹಿಂಜರಿಯುವ ಪ್ರಶ್ನೆಯನ್ನು ಅವರು ಆಗಲೇ ಕೇಳಿಬಿಟ್ಟಿದ್ದಾರೆ. ಅನ್ಯಾಯ ಕಂಡು ರೋಸಿಹೋಗಿದ್ದರೆ ಹಬಕ್ಕೂಕ. ಬರೀ ಮೂರು ಅಧ್ಯಾಯ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಎಲ್ಲವೂ ವ್ಯರ್ಥವೆನಿಸಿದ್ದರೆ ಪ್ರಸಂಗಿ. ದೊಡ್ಡ ನಷ್ಟವಾಗಿದ್ದರೆ ಪ್ರಲಾಪಗಳು. ಆ ಪುಸ್ತಕದ ಮೊದಲ ನಾಲ್ಕು ಅಧ್ಯಾಯಗಳು ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳ ಕ್ರಮದಲ್ಲಿ ಸಾಗುತ್ತವೆ. ಯೆರೂಸಲೇಮು ಹಾಳಾದ ದುಃಖ ಎಲ್ಲೆ ಮೀರಿದ್ದಾಗ ಕವಿ ಅದನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಒಂದೊಂದಾಗಿ ಹೇಳಿಕೊಂಡ. ದೇವರ ಕರುಣೆ ದಿನದಿನವೂ ಬೆಳಗಿನಲ್ಲಿ ಹೊಸದಾಗುತ್ತದೆ ಎಂಬ ಪ್ರಸಿದ್ಧ ಮಾತು ಬರುವುದು ಈ ಅಳುವಿನ ನಟ್ಟನಡುವೆ, ಮೂರನೆಯ ಅಧ್ಯಾಯದಲ್ಲಿ.

ಮಾತೇ ಹೊರಡದಷ್ಟು ದಣಿದಿದ್ದರೆ ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದ 26ನೆಯ ವಚನ ಒಂದೇ ಸಾಕು. ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದವರ ಪರವಾಗಿ ಪವಿತ್ರಾತ್ಮನೇ ಮಾತಿಗೆ ಮೀರಿದ ನರಳಾಟದಿಂದ ಬೇಡುತ್ತಾನೆ ಎಂದು ಆ ಪತ್ರ ಬರೆದ ಪೌಲ ಅಲ್ಲಿ ಹೇಳುತ್ತಾನೆ.

3. ಒಂದೇ ಭಾಗವನ್ನು ಮೂರು ಸಲ ಓದಿ

ಸನ್ಯಾಸಿ ಮಠಗಳಲ್ಲಿ ಬೆಳೆದು ಬಂದ ಒಂದು ಪದ್ಧತಿಯ ಹೆಸರು ಲೆಕ್ತಿಯೊ ದಿವಿನಾ, ಲ್ಯಾಟಿನ್‌ನಲ್ಲಿ ದೈವಿಕ ಓದು. 12ನೆಯ ಶತಮಾನದಲ್ಲಿ ಎರಡನೆಯ ಗೀಗೋ ಎಂಬ ಕಾರ್ತೂಸಿಯನ್ ಸನ್ಯಾಸಿ ಇದನ್ನು ನಾಲ್ಕು ಮೆಟ್ಟಿಲ ಏಣಿಯಾಗಿ ವಿವರಿಸಿದ: ಓದು, ಮನನ, ಪ್ರಾರ್ಥನೆ, ಮೌನ ಧ್ಯಾನ. ನಮಗೆ ಸರಳ ರೂಪವೇ ಸಾಕು. ಮೊದಲ ಸಲ ಗಟ್ಟಿಯಾಗಿ ಓದಿ. ಎರಡನೆಯ ಸಲ, ಎಡವಿಸಿದ ಅಥವಾ ತಡೆದು ನಿಲ್ಲಿಸಿದ ಪದದ ಕೆಳಗೆ ಗೆರೆ ಎಳೆಯಿರಿ. ಮೂರನೆಯ ಸಲ ಆ ಪದದ ಬಳಿ ನಿಂತು, ಅದನ್ನೇ ಹಿಡಿದು ದೇವರೊಡನೆ ಮಾತಾಡಿ. ಆಮೇಲೆ ಎರಡು ನಿಮಿಷ ಸುಮ್ಮನಿರಿ.

13ನೆಯ ಕೀರ್ತನೆಯನ್ನು ಹೀಗೆ ಓದಿ ನೋಡೋಣ. ಇರುವುದು ಆರೇ ವಚನ. ಮೊದಲ ಎರಡು ವಚನಗಳಲ್ಲಿ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಅವುಗಳ ಕ್ರಮವನ್ನು ಗಮನಿಸಿ. ಮೊದಲೆರಡು ಪ್ರಶ್ನೆಗಳು ದೇವರ ಬಗ್ಗೆ: ನನ್ನನ್ನು ಮರೆತೆಯಾ, ಮುಖ ಮರೆಸಿಕೊಂಡೆಯಾ. ಮೂರನೆಯದು ತನ್ನ ಬಗ್ಗೆ: ದಿನವೆಲ್ಲ ಒಳಗೊಳಗೇ ಲೆಕ್ಕ ಹಾಕುತ್ತ ಎಷ್ಟು ಕಾಲ ಇರಲಿ. ನಾಲ್ಕನೆಯದು ವೈರಿಯ ಬಗ್ಗೆ. ರಾತ್ರಿ ನಿದ್ದೆ ಬಾರದೆ ಹೊರಳಾಡಿದವರಿಗೆ ಆ ಮೂರನೆಯ ಪ್ರಶ್ನೆಯ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಮೂರನೆಯ ವಚನದಲ್ಲಿ ಕವಿ ಕೇಳುವುದು ಚಿಕ್ಕದೊಂದನ್ನು: ನನ್ನ ಕಣ್ಣುಗಳಿಗೆ ಬೆಳಕು ಕೊಡು. ವೈರಿಯನ್ನು ಈಗಲೇ ಅಳಿಸಿಹಾಕು ಎಂದಲ್ಲ, ಕಣ್ಣಿಗೆ ಕಳೆ ಬರಲಿ, ಬದುಕುಳಿಯಲಿ ಎಂದು.

ಐದನೆಯ ವಚನದಲ್ಲಿ ದನಿ ಬದಲಾಗುತ್ತದೆ. ನಾನಾದರೋ ನಿನ್ನ ಕೃಪೆಯಲ್ಲಿ ಭರವಸೆಯಿಟ್ಟಿದ್ದೇನೆ ಎನ್ನುತ್ತಾನೆ. ನಾಲ್ಕನೆಯ ಮತ್ತು ಐದನೆಯ ವಚನಗಳ ನಡುವೆ ಏನಾಯಿತು? ಕೀರ್ತನೆ ಏನನ್ನೂ ಹೇಳುವುದಿಲ್ಲ. ವೈರಿ ಸತ್ತ ಸುದ್ದಿಯಿಲ್ಲ, ಕಷ್ಟ ತೀರಿದ ಮಾತಿಲ್ಲ. ಕೃಪೆ ಎಂದಲ್ಲಿ ಇರುವ ಹೀಬ್ರೂ ಪದ ಹೆಸೆದ್. ಕೊಟ್ಟ ಮಾತಿಗೆ ತಪ್ಪದೆ ಅಂಟಿಕೊಂಡಿರುವ ಪ್ರೀತಿ ಎಂಬ ಅರ್ಥ ಅದಕ್ಕಿದೆ. ಅವನಿಗೆ ಹಿಡಿದುಕೊಳ್ಳಲು ಇದ್ದದ್ದು ಅದೊಂದೇ. ನನಗೆ ಬೈಬಲಿನಲ್ಲಿ ಅತ್ಯಂತ ಪ್ರಿಯವಾದ ಜಾಗಗಳಲ್ಲಿ ಈ ಎರಡು ವಚನಗಳ ನಡುವಿನ ಖಾಲಿ ಜಾಗವೂ ಒಂದು. ಎಷ್ಟೋ ದಿನ ನಾನು ನಾಲ್ಕನೆಯ ವಚನದಲ್ಲೇ ಓದು ನಿಲ್ಲಿಸಿದ್ದೇನೆ, ಐದನೆಯದನ್ನು ಬಾಯಲ್ಲಿ ಹೇಳಲಾಗದೆ. ನಿಮಗೂ ಹಾಗಾದರೆ ಅಲ್ಲೇ ನಿಲ್ಲಿಸಿ, ಮರುದಿನ ಮತ್ತೆ ಓದಿ.

4. ಯಾರು, ಯಾರಿಗೆ, ಯಾವಾಗ ಎಂದು ಕೇಳಿ

ಈ ಹಂತವನ್ನು ಬಿಟ್ಟರೆ ಮಿಕ್ಕದ್ದೆಲ್ಲ ಅಲುಗಾಡುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಕಷ್ಟದಲ್ಲಿರುವವರಿಗೆ ಜನ ಹೆಚ್ಚಾಗಿ ಕಳುಹಿಸುವ ವಚನಗಳಲ್ಲೊಂದು ಯೆರೆಮೀಯ 29:11, ಅಂದರೆ 29ನೆಯ ಅಧ್ಯಾಯದ 11ನೆಯ ವಚನ. ನಿಮ್ಮ ವಿಷಯದಲ್ಲಿ ನನ್ನ ಆಲೋಚನೆಗಳು ಕೇಡಿನವಲ್ಲ, ಹಿತದವು, ನಿಮಗೆ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವಂಥವು ಎಂಬುದು ಅದರ ಸಾರ. ಆ ಒಂದು ವಚನವನ್ನು ಕತ್ತರಿಸಿ ಗೋಡೆಗೆ ಹಚ್ಚಿದರೆ ನಾಳೆಯೇ ಎಲ್ಲ ಸರಿಹೋಗುತ್ತದೆ ಎಂದು ಕೇಳಿಸುತ್ತದೆ. ಈಗ ಅಧ್ಯಾಯದ ಮೊದಲಿನಿಂದ ಓದಿ. ಅದೊಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ಯೆರೂಸಲೇಮಿನಿಂದ ರಾಜನನ್ನೂ ಗಣ್ಯರನ್ನೂ ಕಮ್ಮಾರರನ್ನೂ ಸೆರೆ ಒಯ್ದಿದ್ದ. ಹಾಗೆ ಪರದೇಶ ಸೇರಿದವರಿಗೆ ಯೆರೆಮೀಯ ಬರೆದ ಪತ್ರ ಇದು. ಬಿಡುಗಡೆ ಯಾವಾಗ? ಹತ್ತನೆಯ ವಚನ ಸ್ಪಷ್ಟವಾಗಿ ಹೇಳುತ್ತದೆ: ಎಪ್ಪತ್ತು ವರ್ಷ ತುಂಬಿದ ಮೇಲೆ. ಪತ್ರ ಓದಿಸಿಕೊಂಡ ಬಹುಪಾಲು ವಯಸ್ಕರು ಆ ದಿನವನ್ನು ನೋಡುವುದಿಲ್ಲ.

ಹಾಗಾದರೆ ಅವರು ಏನು ಮಾಡಬೇಕು? ಐದರಿಂದ ಏಳನೆಯ ವಚನಗಳಲ್ಲಿ ಉತ್ತರವಿದೆ. ಮನೆ ಕಟ್ಟಿ, ತೋಟ ಮಾಡಿ ಅದರ ಫಲ ಉಣ್ಣಿ, ಮಕ್ಕಳ ಮದುವೆ ಮಾಡಿ, ಸೆರೆ ಒಯ್ದ ಪಟ್ಟಣದ ಕ್ಷೇಮಕ್ಕಾಗಿಯೂ ಪ್ರಾರ್ಥಿಸಿ. ಬೀಜ ಹಾಕಿದವನು ಸುಗ್ಗಿಯವರೆಗೆ ಅಲ್ಲೇ ಇರಬೇಕಲ್ಲ! ಆ ಜನ ಗಂಟುಮೂಟೆ ಕಟ್ಟಿಕೊಂಡು ಹೊರಡುವ ದಿನಕ್ಕಾಗಿ ಕಾದಿದ್ದರು, ಪತ್ರ ಅದನ್ನು ಬಿಚ್ಚಲು ಹೇಳಿತು.

ಹಿಂದಿನ ಅಧ್ಯಾಯವನ್ನೂ ಬಿಡಬೇಡಿ. 28ರಲ್ಲಿ ಹನನ್ಯ ಎಂಬ ಪ್ರವಾದಿ ಬರುತ್ತಾನೆ. ಪ್ರವಾದಿ ಎಂದರೆ ದೇವರ ಮಾತನ್ನು ಜನರಿಗೆ ಮುಟ್ಟಿಸುವವನು. ಎರಡೇ ವರ್ಷದಲ್ಲಿ ಎಲ್ಲರೂ ಮರಳುತ್ತಾರೆ ಎಂದು ಹನನ್ಯ ಸಾರಿ, ಬಾಬಿಲೋನಿಗೆ ಅಧೀನರಾಗಿರಬೇಕೆಂಬ ಗುರುತಾಗಿ ಯೆರೆಮೀಯನ ಕೊರಳಲ್ಲಿದ್ದ ಮರದ ನೊಗವನ್ನು ಎಲ್ಲರೆದುರು ಮುರಿದುಹಾಕುತ್ತಾನೆ. ಕೇಳಿದವರಿಗೆ ಯಾರ ಮಾತು ಹಿತವಾಗಿದ್ದಿರಬೇಕು? ಆದರೆ ದೇವರು ಹನನ್ಯನನ್ನು ಕಳುಹಿಸಿರಲಿಲ್ಲ ಎಂದೇ ಆ ಅಧ್ಯಾಯ ಹೇಳುತ್ತದೆ. ಹಿತವಾದ ಮಾತೆಲ್ಲ ದೇವರ ಮಾತಲ್ಲ ಎಂಬುದು ಅಲ್ಲಿ ಅಚ್ಚಳಿಯದಂತೆ ನಿಂತಿದೆ.

ಇಷ್ಟೆಲ್ಲ ತಿಳಿದ ಮೇಲೆ ಹನ್ನೊಂದನೆಯ ವಚನದ ಬೆಲೆ ಕುಂದಿತೇ? ನನಗಂತೂ ಹೆಚ್ಚಿತು. ಅಲ್ಲಿ ನಿರೀಕ್ಷೆ ಎಂಬುದಕ್ಕಿರುವ ಹೀಬ್ರೂ ಪದ ತಿಕ್ವಾ. ಯೆಹೋಶುವನ ಪುಸ್ತಕದ 2ನೆಯ ಅಧ್ಯಾಯದಲ್ಲಿ ರಾಹಾಬ ಎಂಬ ಹೆಂಗಸು ಕಿಟಕಿಗೆ ಕಟ್ಟುವ ಕೆಂಪು ದಾರಕ್ಕೂ ಅದೇ ಪದವಿದೆ. ದಾರದ ಇನ್ನೊಂದು ತುದಿ ಕಾಣದಿರಬಹುದು. ಕೈಯಲ್ಲಿರುವ ತುದಿ ಮಾತ್ರ ನಿಜ.

ನಿಮ್ಮ ಓದಿಗೆ ಇದನ್ನು ಅನ್ವಯಿಸುವುದು ಸುಲಭ. ಯಾವ ವಚನ ಸಿಕ್ಕಿದರೂ ಅದರ ಹಿಂದಿನ ಹತ್ತು, ಮುಂದಿನ ಹತ್ತು ವಚನಗಳನ್ನು ಓದಿ. ಅಧ್ಯಾಯ, ವಚನಗಳ ಗುರುತು ಮೂಲದಲ್ಲಿ ಇರಲಿಲ್ಲ. ಈಗಿನ ಅಧ್ಯಾಯ ವಿಭಾಗ 13ನೆಯ ಶತಮಾನದ್ದು, ಹೊಸ ಒಡಂಬಡಿಕೆಯ ವಚನ ಸಂಖ್ಯೆಗಳು ಮುದ್ರಣದಲ್ಲಿ ಬಂದದ್ದು 1551ರಲ್ಲಿ. ಹುಡುಕಲು ಅವು ಅನುಕೂಲ, ಓದು ನಿಲ್ಲಿಸಲು ಅವು ಕಾರಣವಾಗಬಾರದು. ಪುಟದ ಕೆಳಗಿನ ಅಡಿಟಿಪ್ಪಣಿಯನ್ನೂ, ಅದೇ ಮಾತು ಬೇರೆಡೆ ಎಲ್ಲಿದೆ ಎಂದು ತೋರಿಸುವ ಅಡ್ಡ ಉಲ್ಲೇಖಗಳನ್ನೂ ನೋಡುವ ಅಭ್ಯಾಸ ಮಾಡಿಕೊಳ್ಳಿ.

5. ದೂರುವುದನ್ನು ಕಲಿಯಿರಿ

ದೇವರ ಮುಂದೆ ಗೊಣಗಬಾರದು ಎಂದು ನಮ್ಮಲ್ಲಿ ಹಲವರಿಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಾರೆ. ಬೈಬಲ್ ಹಾಗೆ ಹೇಳಿಕೊಡುವುದಿಲ್ಲ. 150 ಕೀರ್ತನೆಗಳಲ್ಲಿ ಶೋಕದ, ದೂರಿನ ಕೀರ್ತನೆಗಳು ದೊಡ್ಡ ಸಂಖ್ಯೆಯಲ್ಲಿವೆ. 88ನೆಯದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನವೂ ಅದರಲ್ಲಿಲ್ಲ. ಆದರೂ ಅದು ಪವಿತ್ರ ಗ್ರಂಥದೊಳಗೇ ಇದೆ. ಯೇಸು ಶಿಲುಬೆಯ ಮೇಲೆ ಕೂಗಿದ "ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ?" ಎಂಬುದು 22ನೆಯ ಕೀರ್ತನೆಯ ಮೊದಲ ಸಾಲು. ಯಾತನೆಯಲ್ಲಿ ಅವನ ಬಾಯಿಗೆ ಬಂದದ್ದು ಕೀರ್ತನೆಯ ದೂರು.

ಯೋಬನ ಪುಸ್ತಕದಲ್ಲೂ ಹಾಗೆಯೇ. ಎಲ್ಲವನ್ನೂ ಕಳೆದುಕೊಂಡ ಯೋಬ ಅಧ್ಯಾಯಗಟ್ಟಲೆ ವಾದಿಸುತ್ತಾನೆ, ಗೆಳೆಯರು ದೇವರ ಪರವಾಗಿ ಭಾಷಣ ಮಾಡುತ್ತಾರೆ. ಕೊನೆಯಲ್ಲಿ ದೇವರು ಆ ಗೆಳೆಯರಿಗೆ, ನನ್ನ ಸೇವಕನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎನ್ನುತ್ತಾನೆ. ಅವರು ಸರಿಯಾಗಿ ಮಾಡಿದ ಕೆಲಸ ಒಂದಿತ್ತು: ಮೊದಲ ಏಳು ದಿನ ಅವನ ಪಕ್ಕ ನೆಲದ ಮೇಲೆ ಬಾಯಿ ತೆರೆಯದೆ ಕೂತಿದ್ದರು.

ಹಾಗಾಗಿ ನೋಟ್‌ಬುಕ್‌ನಲ್ಲಿ ನಿಮ್ಮದೇ ಒಂದು ಕೀರ್ತನೆ ಬರೆಯಿರಿ. ಕರೆ, ದೂರು, ಬೇಡಿಕೆ, ಆಮೇಲೆ ನಂಬಿಕೆಯ ಒಂದು ಮಾತು. ಕೊನೆಯದು ಬಾರದಿದ್ದರೆ ಆ ಸಾಲನ್ನು ಖಾಲಿ ಬಿಡಿ.

6. ಓದಿದ್ದನ್ನು ಒಂದು ಸಣ್ಣ ಕೆಲಸವಾಗಿ ಮಾಡಿ

ಪ್ರತಿ ದಿನದ ಓದಿನ ಕೊನೆಗೆ ಆ ದಿನವೇ ಮಾಡಬಹುದಾದ ಒಂದೇ ಒಂದು ಕೆಲಸ ಬರೆದುಕೊಳ್ಳಿ: ಮುಂದೂಡುತ್ತಿದ್ದ ಒಂದು ಅರ್ಜಿ, ಒಬ್ಬರಿಗೆ ಕರೆ, ಒಂದು ಹೊತ್ತಿನ ವಿಶ್ರಾಂತಿ. ವಿಶ್ರಾಂತಿಯೂ ಸೇರುತ್ತದೆಯೇ ಎಂದು ಅನುಮಾನವಿದ್ದರೆ 1 ಅರಸುಗಳು 19 ಓದಿ. ಎಲೀಯ ಎಂಬ ಪ್ರವಾದಿ, ಸಾಕಾಯಿತು, ನನ್ನ ಪ್ರಾಣ ತೆಗೆದುಕೋ ಎಂದು ಗಿಡದ ಕೆಳಗೆ ಮಲಗಿಬಿಡುತ್ತಾನೆ. ದೇವದೂತ ಅವನಿಗೆ ಉಪದೇಶ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಇಟ್ಟು, ತಟ್ಟಿ ಎಬ್ಬಿಸಿ, ಎದ್ದು ತಿನ್ನು ಎನ್ನುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲವೂ ಬಂದು ತಿನ್ನಿಸುತ್ತಾನೆ. ದೇವರ ಮೆಲುದನಿ ಕೇಳಿಸುವುದು ಅದೆಲ್ಲ ಆದ ಮೇಲೆ.

7. ಇನ್ನೊಬ್ಬರ ಜೊತೆ ಓದಿ

ವಾರಕ್ಕೊಮ್ಮೆಯಾದರೂ. ಅಪೊಸ್ತಲರ ಕೃತ್ಯಗಳು 8ರಲ್ಲಿ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿದ್ದ ಇಥಿಯೋಪ್ಯದ ಅಧಿಕಾರಿಯನ್ನು ಫಿಲಿಪ್ಪ, ಓದುವುದು ತಿಳಿಯುತ್ತದೆಯೇ ಎಂದು ಕೇಳುತ್ತಾನೆ. ಯಾರಾದರೂ ತಿಳಿಸಿಕೊಡದೆ ಹೇಗೆ ತಿಳಿದೀತು ಎಂದು ಅವನು ಸಂಕೋಚವಿಲ್ಲದೆ ಹೇಳಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ. ಜೊತೆಗಾರರು ಪಂಡಿತರಾಗಿರಬೇಕಿಲ್ಲ, ನಿಮ್ಮ ಮಾತಿನ ನಡುವೆ ಬಾಯಿ ಹಾಕದವರಾಗಿದ್ದರೆ ಸಾಕು. ಅರ್ಥದ ತೊಡಕಿದ್ದರೆ ಗುರುಗಳನ್ನೋ ಸಭಾಪಾಲಕರನ್ನೋ ಕೇಳಿ.

ಎಡವುವ ಜಾಗಗಳು

ಕಣ್ಣು ಮುಚ್ಚಿ ಪುಟ ತೆರೆದು, ಬೆರಳಿಟ್ಟ ವಚನವೇ ಇಂದಿನ ಉತ್ತರ ಎಂದು ತಿಳಿಯುವುದು ಬಹಳ ಕಡೆ ಇದೆ. ಆ ಹಂಬಲ ನನಗೆ ಅರ್ಥವಾಗುತ್ತದೆ. ಆದರೆ ಕೆಲಸ ಬಿಡಲೇ, ಶಸ್ತ್ರಚಿಕಿತ್ಸೆಗೆ ಒಪ್ಪಲೇ ಎಂಬಂಥ ತೀರ್ಮಾನಗಳನ್ನು ಹೀಗೆ ಮಾಡಬೇಡಿ. ವಚನವನ್ನು ಸಂದರ್ಭದಿಂದ ಕಿತ್ತು ಬಳಸುವ ಅಪಾಯಕ್ಕೆ ಬೈಬಲಿನಲ್ಲೇ ಉದಾಹರಣೆ ಇದೆ. ದೇವಾಲಯದ ಶಿಖರದಿಂದ ಧುಮುಕು, ದೂತರು ನಿನ್ನನ್ನು ಹಿಡಿಯುತ್ತಾರೆ ಎಂದು ಸೈತಾನ ಯೇಸುವಿಗೆ ಹೇಳುವಾಗ ಉಲ್ಲೇಖಿಸುವುದು 91ನೆಯ ಕೀರ್ತನೆಯನ್ನು.

ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲವನ್ನೂ ಮಾಡಬಲ್ಲೆ ಎಂಬ ಫಿಲಿಪ್ಪಿಯವರಿಗೆ 4:13 ಗೆಲುವಿನ ಘೋಷಣೆಯಂತೆ ಓಡಾಡುತ್ತದೆ. ಅದನ್ನು ಬರೆದಾಗ ಪೌಲ ಸೆರೆಯಲ್ಲಿದ್ದ. ಅದರ ಹಿಂದಿನ ವಚನ ಹೊಟ್ಟೆ ತುಂಬಿರುವುದನ್ನೂ ಹಸಿದಿರುವುದನ್ನೂ ಕಲಿತದ್ದರ ಬಗ್ಗೆ. ಕೆಲಸದ ಸಂದರ್ಶನದಲ್ಲಿ ಸೋತ ದಿನವೂ ಆ ವಚನ ನಿಮ್ಮದೇ.

ಲೋಕದ ಅಂತ್ಯಕ್ಕೆ ತಾರೀಕು ಹೇಳುವವರಿಂದ ದೂರವಿರಿ. ಆ ದಿನ ತಂದೆಯ ಹೊರತು ಯಾರಿಗೂ, ಮಗನಿಗೂ ತಿಳಿಯದು ಎಂದು ಮಾರ್ಕ 13:32ರಲ್ಲಿ ಯೇಸುವೇ ಹೇಳಿದ್ದಾನೆ. ಹಣ ಕೊಟ್ಟರೆ ಆಶೀರ್ವಾದ ಖಚಿತ ಎನ್ನುವವರ ವಿಷಯದಲ್ಲೂ ಹನನ್ಯನನ್ನು ನೆನೆಯಿರಿ.

ಓದು ಔಷಧಿಯ ಬದಲಿ ಅಲ್ಲ. ಯೆಶಾಯ 38ರಲ್ಲಿ ರಾಜ ಹಿಜ್ಕೀಯನಿಗೆ ಇನ್ನೂ 15 ವರ್ಷ ಆಯುಸ್ಸು ಕೊಡುವುದಾಗಿ ದೇವರೇ ಮಾತು ಕೊಡುತ್ತಾನೆ. ಅಷ್ಟಾದರೂ ಪ್ರವಾದಿ, ಹುಣ್ಣಿನ ಮೇಲೆ ಅಂಜೂರದ ಹಣ್ಣಿನ ಪಟ್ಟಿ ಹಾಕಿ ಎಂದು ಹೇಳುತ್ತಾನೆ. ವೈದ್ಯರು ಹೇಳಿದ ಮಾತ್ರೆಯನ್ನು ನಿಲ್ಲಿಸಬೇಡಿ. ವಾರಗಟ್ಟಲೆ ನಿದ್ದೆ, ಹಸಿವು ಇಲ್ಲದಿದ್ದರೆ, ಬದುಕೇ ಬೇಡ ಎನಿಸುತ್ತಿದ್ದರೆ ಇವತ್ತೇ ನಿಮ್ಮವರೊಬ್ಬರಿಗೆ ಬಾಯಿಬಿಟ್ಟು ಹೇಳಿ, ವೈದ್ಯರನ್ನು ಕಾಣಿರಿ. ಎಲೀಯನಿಗೂ ಅಂಥ ದಿನ ಬಂದಿತ್ತು, ಅದು ನಂಬಿಕೆಯ ಕೊರತೆಯಲ್ಲ.

ಇನ್ನೊಂದು ಮಾತು, ಪಕ್ಕದಲ್ಲಿರುವವರಿಗೆ. ಎಲ್ಲವೂ ಒಳ್ಳೆಯದಕ್ಕೇ ಎಂಬ ಅರ್ಥದಲ್ಲಿ ರೋಮಾ 8:28ನ್ನು ದುಃಖದ ಮನೆಯಲ್ಲಿ ಹೇಳಬೇಡಿ. ಆ ವಚನವನ್ನು ನೊಂದವರೇ ತಮ್ಮ ಕಾಲಕ್ಕೆ ತಾವೇ ಹೇಳಿಕೊಳ್ಳಲಿ.

ಮೊದಲ ವಾರಕ್ಕೆ

ಮೊದಲ ದಿನ ಪ್ರಶ್ನೆ ಬರೆದು 13ನೆಯ ಕೀರ್ತನೆ ಓದಿ. ಎರಡನೆಯ ದಿನ ಮತ್ತೆ ಅದೇ. ಮೂರನೆಯ ದಿನ ಮಾರ್ಕ 4:35ರಿಂದ 41. ನಾಲ್ಕನೆಯ ದಿನ ಯೆರೆಮೀಯ 28 ಮತ್ತು 29. ಇದಕ್ಕೆ ನಲವತ್ತು ನಿಮಿಷ ಬೇಕಾಗಬಹುದು. ಐದನೆಯ ದಿನ 1 ಅರಸುಗಳು 19, ಓದಿ ಬೇಗ ಮಲಗಿ. ಆರನೆಯ ದಿನ ಜೊತೆಗೊಬ್ಬರನ್ನು ಕರೆದು ಲೂಕ 24:13ರಿಂದ 35. ಯೇಸುವಿನ ಮರಣದ ಬಳಿಕ ಎಮ್ಮಾವುಸೆಂಬ ಊರಿನ ದಾರಿಯಲ್ಲಿ ಇಬ್ಬರು ಶಿಷ್ಯರು, ನಾವು ಹೀಗಾಗುತ್ತದೆಂದು ನಿರೀಕ್ಷಿಸಿದ್ದೆವು ಎಂದು ಮುಖ ಬಾಡಿಸಿಕೊಂಡು ಹೇಳುವುದನ್ನು ಗಮನಿಸಿ. ಯೇಸುವಿಗೇ ಹೇಳುತ್ತಿದ್ದೇವೆಂಬುದು ಅವರಿಗೆ ಇನ್ನೂ ತಿಳಿದಿರುವುದಿಲ್ಲ.

ಏಳನೆಯ ದಿನ ಹೊಸದೇನೂ ಓದಬೇಡಿ. ಮೊದಲ ದಿನ ಬರೆದ ಸಾಲನ್ನು ತೆಗೆದು, ಈಗಲೂ ಅದೇ ಪದಗಳಲ್ಲಿ ಕೇಳುತ್ತೀರಾ ನೋಡಿ. ಬದಲಾಗಿದ್ದರೆ ಹೊಸ ಪ್ರಶ್ನೆಯನ್ನು ಅದರ ಕೆಳಗೆ ಬರೆದು ತಾರೀಕು ಹಾಕಿ. ಬದಲಾಗದಿದ್ದರೆ ಹಳೆಯದರ ಪಕ್ಕದಲ್ಲೇ ಇಂದಿನ ತಾರೀಕು ಹಾಕಿ, ಮರುದಿನ 13ನೆಯ ಕೀರ್ತನೆಯಿಂದಲೇ ಮತ್ತೆ ತೊಡಗಿ.